ಕೊಟ್ಟು ತಂದ ಮಕ್ಕಳು

ಚಾಮರಾಜನಗರ
೨೭-೧-೧೯೫೪

ಸೌಭಾಗ್ಯವತಿ ಗಂಗಾಂಬಿಕೆ ಅತ್ತಿಗೆಗೆ ಪುಟ್ಟಮಲ್ಲಮ್ಮನ ಶರಣಾರ್ಥಿ.

ನಾವು ಇಲ್ಲಿ ಕ್ಷೇಮ. ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯುತ್ತಿರು. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ತಡವಾಯಿತೆಂದು ಬೈದುಕೊಳ್ಳಬೇಡ. ಅರಿಸಿನ ಬೇಯಿಸುವ ಕಾಲ ಇದು. ಹಿತ್ತಿಲ ತುಂಬ ಕೊಪ್ಪರಿಗೆ, ಹೊಗೆ, ಆಳುಗಳ ಊಟ. ಕಾಗದದ ಅಂಚಿನಲ್ಲಿ ಹಳದಿ ಕಂಡು ಯಾರದೋ ಮದುವೆ ಗೊತ್ತಾಯಿತು ಅಂದುಕೊಳ್ಳಬೇಡ, ಅದು ನನ್ನ ಬೆರಳಿನದು.

ನೀನು ನನ್ನನ್ನು ಅತ್ತಿಗೆ ಅಂತೀಯೆ, ನಾನು ನಿನ್ನನ್ನು ಅತ್ತಿಗೆ ಅಂತೀನಿ. ಕೇಳಿದವರು ನಗುತ್ತಾರೆ. ನನ್ನ ಅಣ್ಣನಿಗೆ ನಿನ್ನನ್ನು ತಂದುಕೊಂಡು, ನಿನ್ನ ಅಣ್ಣನಿಗೆ ನನ್ನನ್ನು ಕೊಟ್ಟು, ಒಂದೇ ಚಪ್ಪರದಲ್ಲಿ ಒಂದೇ ಓಲಗದಲ್ಲಿ ಎರಡು ಮದುವೆ ಮುಗಿಸಿದ ಬುದ್ಧಿವಂತರು ನಮ್ಮ ಹಿರಿಯರು. ಅವರೆಲ್ಲ ಹೋದರು. ಅವರ ಬುದ್ಧಿ ಮಾತ್ರ ನಮ್ಮ ಗಂಡಂದಿರ ತಲೆಯಲ್ಲಿ ಉಳಿದುಕೊಂಡಿದೆ.

ನನ್ನ ಮಗ ಗುರುಪಾದನನ್ನು ನಿನ್ನ ಗಂಡ ನಡೆಸುವ ಗುಂಡ್ಲುಪೇಟೆಯ ಹಾಕಿ ಟೀಮಿಗೆ ಕೊಟ್ಟು, ನಿನ್ನ ಮಗ ಮರಿಮಲ್ಲಪ್ಪನನ್ನು ಇಲ್ಲಿ ನಿನ್ನ ಅಣ್ಣನ ಟೀಮಿಗೆ ತರುವ ಮಾತು ನಿಜವೋ ತಮಾಷೆಯೋ ಎಂದು ಕೇಳಿದ್ದೀಯೆ. ನಿಜ. ಸಂಕ್ರಾಂತಿಗೆ ನನ್ನ ಅಣ್ಣ ಬಂದಿದ್ದನಲ್ಲ, ಆಗಲೇ ಮಾತು ಮುಗಿದಿದೆ. ನಿನಗೆ ಪೂರ್ತಿ ಹೇಳಿರಲಾರ, ನಾನು ಹೇಳುತ್ತೇನೆ.

ಮಂಡಿಯ ಜಗಲಿಯ ಮೇಲೆ ಇಬ್ಬರೂ ಕೂತಿದ್ದರು. ನಾನು ಕಾಫಿ ತೆಗೆದುಕೊಂಡು ಹೋದಾಗ ಇಬ್ಬರ ಕೈ ಮೇಲೂ ಒಂದೇ ಟವೆಲ್ಲು. ದನದ ಜಾತ್ರೆಯಲ್ಲಿ ಎತ್ತಿನ ವ್ಯಾಪಾರ ಮಾಡುತ್ತಾರಲ್ಲ, ಬಾಯಿ ಬಿಡದೆ ಬೆರಳು ಹಿಡಿದು, ಹಾಗೆ. ಮೊದಲು ತಮಾಷೆಗೆ ಶುರು ಮಾಡಿದ್ದಂತೆ. ನಾನು ಹೋಗುವ ಹೊತ್ತಿಗೆ ಇಬ್ಬರ ಮುಖದಲ್ಲೂ ನಗು ಇರಲಿಲ್ಲ. ಗುರುಪಾದ ಅಲ್ಲೇ ತಕ್ಕಡಿಯ ಹತ್ತಿರ ಅರಿಸಿನ ತೂಗುತ್ತಿದ್ದ. ಅವನಿಗೆ ಕೇಳಿಸುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ನನ್ನ ಅಣ್ಣ ಹೇಳಿದ: “ನಿನ್ ಮಗ ಓಡ್ತನೆ ಬಾವ, ಗೋಲ್ ಒಡಿಯಕಿಲ್ಲ. ನನ್ ಐದ ನಿಂತ್ ಜಾಗ್ದಿಂದ ಒಬ್ರುನೂವೆ ದಾಟಕೆ ಬುಡಕಿಲ್ಲ. ಅವ್ನಿಗೆ ಇವ್ನು ಸರಿ ಓಯ್ತನ? ಮೇಲೇನ್ ಕೊಟ್ಟಿಯೆ ಯೋಳು.”

ನಿನ್ನ ಅಣ್ಣ ಟವೆಲ್ಲಿನಿಂದ ಕೈ ಎಳೆದುಕೊಂಡರು. “ಗೋಲ್‌ಕೀಪರ್ ಕಾಲ್ಗೆ ಕಟ್ಕಳ ಪ್ಯಾಡ್ ಒಂದ್ ಜೊತೆ ಮೇಲ್ ಮಡಿಕ. ಅವ್ನ್ ಮಕ ನನ್ ಕಣ್ಗೆ ಬೀಳ್ದೆ ಇದ್ರೆ ಸಾಕು.”

ನನ್ನ ಮಗ ನಿನ್ನ ಮಗನಿಗಿಂತ ಒಂದು ಜೊತೆ ಪ್ಯಾಡಿನಷ್ಟು ಕಡಿಮೆ ಎಂದು ಅಲ್ಲಿಗೆ ತೀರ್ಮಾನವಾಯಿತು. ಗುರುಪಾದ ತಕ್ಕಡಿಯ ಮುಳ್ಳು ನಿಲ್ಲುವ ತನಕ ಕಾದು, ಚೀಲ ಇಳಿಸಿ, ಇನ್ನೊಂದು ಚೀಲ ಇಟ್ಟ. ನಾನು ಕಾಫಿ ಲೋಟ ಕೆಳಗಿಟ್ಟು ಒಳಗೆ ಬಂದೆ.

ಅವನ ಆಟ ಯಾಕೆ ಹೀಗಾಯಿತು ಎಂದು ನೀನು ಕೇಳಿರುವುದಕ್ಕೆ ಉತ್ತರ ನಿನ್ನ ಅಣ್ಣನ ಹತ್ತಿರ ಇದೆ, ಅವರು ಹೇಳುವುದಿಲ್ಲ. ಹೋದ ವರ್ಷದ ಶೀಲ್ಡ್ ಆಟ ನೆನಪಿದೆಯಲ್ಲ, ನಿಮ್ಮೂರಿಗೂ ನಮ್ಮೂರಿಗೂ ಬಿದ್ದದ್ದು? ಕೊನೆಯ ಗಳಿಗೆಯಲ್ಲಿ ಚೆಂಡು ಗುರುಪಾದನ ಮುಂದೆ ಬಂತು. ಗೋಲಿನಲ್ಲಿ ಯಾರೂ ಇರಲಿಲ್ಲ. ಹೊಡೆದ, ಕಂಬದ ಹೊರಗೆ ಹೋಯಿತು. ಆಟ ಮುಗಿಯುವುದನ್ನೂ ಕಾಯದೆ ನಿನ್ನ ಅಣ್ಣ ಮೈದಾನದ ಒಳಗೆ ನುಗ್ಗಿ, ಅವನ ಕೈಯಿಂದಲೇ ಸ್ಟಿಕ್ ಕಿತ್ತುಕೊಂಡು, ಮೊಂಡು ಬಿದ್ದ ಎತ್ತಿಗೆ ಬಾರಿಸಿದ ಹಾಗೆ ಮೀನಖಂಡಕ್ಕೆ ಬಾರಿಸಿದರು. ಎರಡೂ ಊರಿನ ಜನ ನೋಡಿದರು. ಕೆಲವರು ನಕ್ಕರು. ನಮ್ಮ ಮಾಳಿಗೆಯ ಮೇಲಿಂದ ಮೈದಾನ ಕಾಣುತ್ತದೆ, ನಾನೂ ನೋಡಿದೆ.

ಅವತ್ತಿನಿಂದ ಅವನಿಗೆ ಒಂದು ಅಭ್ಯಾಸ ಬಿದ್ದಿದೆ. ಚೆಂಡು ತನ್ನ ಕಡೆ ಬರುತ್ತಿದೆ ಎಂದ ಕೂಡಲೇ ಕುತ್ತಿಗೆ ಮೈದಾನದ ಅಂಚಿನ ಗೆರೆಯ ಕಡೆಗೆ ತಿರುಗುತ್ತದೆ. ಅಪ್ಪ ಎಲ್ಲಿ ನಿಂತಿದ್ದಾರೆ ಎಂದು ನೋಡುತ್ತಾನೆ, ಆಮೇಲೆ ಚೆಂಡನ್ನು ನೋಡುತ್ತಾನೆ. ಅಷ್ಟರಲ್ಲಿ ಅದನ್ನು ಬೇರೆಯವನು ಕೊಂಡೊಯ್ದಿರುತ್ತಾನೆ. ದೊಡ್ಡಮಲ್ಲಪ್ಪನೋರ ಮಗ ಕಣ್ಣು ಮಂಜಾದವನ ಹಾಗೆ ಆಡುತ್ತಾನೆ ಎಂದು ಊರು ಆಡಿಕೊಳ್ಳುತ್ತದೆ. ಅವನ ಕಣ್ಣಿಗೆ ಏನೂ ಆಗಿಲ್ಲ.

ಆಟದ ದಿನ ಸಂಜೆ ಟೀಮಿನವರಿಗೆಲ್ಲ ನಮ್ಮ ಮನೆಯಲ್ಲೇ ಊಟ. ಸೋತ ದಿನ ಗುರುಪಾದ ಬಡಿಸಬೇಕು, ಎಲ್ಲರೂ ಎದ್ದ ಮೇಲೆ ಉಳಿದದ್ದನ್ನು ಉಣ್ಣಬೇಕು. ಇದು ನಿನ್ನ ಅಣ್ಣ ಮಾಡಿದ ಕಾನೂನು. ಹೋದ ತಿಂಗಳು ನಂಜನಗೂಡಿನವರ ಮೇಲೆ ಸೋತಾಗ ಇನ್ನೊಂದು ಮಾಡಿದರು. ಅರಿಸಿನದ ಕೊಪ್ಪರಿಗೆ ಕುದಿಯುತ್ತಿತ್ತು. ಸ್ಟಿಕ್ ತರಿಸಿ, ಅವನ ಕೈಯಿಂದಲೇ ಒಲೆಗೆ ಇಡಿಸಿದರು. ಹಿಡಿಗೆ ಸುತ್ತಿದ ಬಟ್ಟೆ ಸುಟ್ಟ ವಾಸನೆ ಮನೆಯೆಲ್ಲ ತುಂಬಿತು. ಪೂರ್ತಿ ಉರಿಯುವ ತನಕ ಅವನು ಅಲ್ಲಿಂದ ಕದಲಕೂಡದು ಎಂದರು, ಅವನು ಕದಲಲಿಲ್ಲ. ಹದಿನೆಂಟು ವರ್ಷದ ಹುಡುಗ, ಮೀಸೆ ಬಂದವನು.

ಅತ್ತಿಗೆ, ನನಗೆ ಭಯವಾಗುತ್ತದೆ. ಇದನ್ನು ಬೇರೆ ಯಾರಿಗೂ ಹೇಳಿಲ್ಲ. ಬೆಳಿಗ್ಗೆ ನೀರು ಸೇದಲು ಹೋದವನು ಬಿಂದಿಗೆ ತುಂಬಿದ ಮೇಲೂ ಬಾವಿಯೊಳಗೆ ಬಗ್ಗಿ ನೋಡುತ್ತ ನಿಂತಿರುತ್ತಾನೆ. ಕರೆದರೆ ಬರುತ್ತಾನೆ. ಒಂದು ದಿನ ಕರೆಯುವುದು ನನಗೆ ತಡವಾದರೆ ಏನು ಗತಿ ಎಂದು ಕೈಯಲ್ಲಿ ಹಿಟ್ಟಿದ್ದರೂ ಓಡುತ್ತೇನೆ. ಈ ಮನೆಯಲ್ಲಿ ಇನ್ನೊಂದು ವರ್ಷ ಇಟ್ಟುಕೊಂಡರೆ ನನ್ನ ಮಗ ನನಗೆ ಉಳಿಯುವುದಿಲ್ಲ.

ಅದಕ್ಕೇ ಈ ಅದಲುಬದಲನ್ನು ನಾನೂ ಕೂತು ತೂಗಿದೆ. ಗಂಡಸರು ಫುಲ್‌ಬ್ಯಾಕು, ಲೆಫ್ಟ್ ಔಟು ಎಂದು ತೂಗಿದರು. ನಾನು ಮನೆ ಮನೆ ತೂಗಿದೆ. ನನ್ನ ಅಣ್ಣ ಕರಿಬಸವಯ್ಯನ ಬಾಯಿ ಕೆಟ್ಟದ್ದು, ಕೈ ಕೆಟ್ಟದ್ದಲ್ಲ. ಊಟದ ಹೊತ್ತಿಗೆ ಸರಿಯಾಗಿ ಬಯ್ಯುತ್ತಾನೆ, ಬೈದು ತಾನೇ ತುಪ್ಪ ಬಡಿಸುತ್ತಾನೆ. ನೀನು ಬಡಿಸುವುದರಲ್ಲಿ ಸ್ವಲ್ಪ ಹಿಡಿತ, ಮಾತಿನಲ್ಲಿ ಹಿಡಿತವಿಲ್ಲ. ಇಷ್ಟೂ ಸೇರಿಸಿದರೂ ಈ ಮನೆಗಿಂತ ನಿನ್ನ ಮನೆ ನನ್ನ ಮಗನಿಗೆ ತಣ್ಣಗಿನ ಜಾಗ.

ನಿನ್ನ ಕಡೆಯದನ್ನೂ ಹೇಳಿಬಿಡುತ್ತೇನೆ, ಆಮೇಲೆ ಅತ್ತಿಗೆ ಮುಚ್ಚಿಟ್ಟಳು ಅನ್ನಬಾರದು. ಮರಿ ಇಲ್ಲಿಗೆ ಬಂದರೆ ಗೆಲ್ಲುವ ತನಕ ಅವನಿಗೆ ರಾಜೋಪಚಾರ. ನಿನ್ನ ಅಣ್ಣನನ್ನು ನೀನು ತೊಟ್ಟಿಲಿನಿಂದ ಬಲ್ಲೆ. ಕುಂಟುವ ಎತ್ತಿಗೆ ಅವರು ಒಂದು ದಿನವೂ ಹುಲ್ಲು ಹಾಕಿದವರಲ್ಲ. ಬೇಡ ಅನ್ನುವುದಿದ್ದರೆ ಈಗಲೇ ಅನ್ನು.

ಕರಾರು ಏನೆಂದು ನಿನ್ನ ಗಂಡ ಹೇಳಿದ್ದಾನೋ ಇಲ್ಲವೋ. ನಮ್ಮ ಮದುವೆಯ ಕಟ್ಟಳೆಯೇ ಇದಕ್ಕೂ ಎಂದು ಇಬ್ಬರೂ ತೊಡೆ ತಟ್ಟಿಕೊಂಡು ನಕ್ಕರು. ಕೊಟ್ಟವರು ಒಬ್ಬರು ವಾಪಸು ಬಂದರೆ, ಅವರು ಹೊಸಿಲು ತುಳಿದ ದಿನವೇ, ದೀಪ ಹಚ್ಚುವ ಮೊದಲು, ತಂದುಕೊಂಡವರು ಹೊರಡಬೇಕು. ಮದುವೆಯಾದ ಮರುವರ್ಷ ನೀನು ಮುನಿಸಿಕೊಂಡು ತವರಿಗೆ ಬಂದಿದ್ದೆ, ಅದಕ್ಕೆ ಅವತ್ತೇ ನಾನು ಇಲ್ಲಿಂದ ಹೊರಡಬೇಕಾಯಿತು. ಹಳೆಯ ಮಾತು ಬಿಡು.

ನಾನು ಆಗಲಿ ಅಂದಿದ್ದೇನೆ. ಸೋಮವಾರದ ಬಸ್ಸಿಗೆ ಗುರುಪಾದನನ್ನು ಹತ್ತಿಸುತ್ತೇನೆ. ಹುರುಳಿ ಸಾರು ಮಾಡಿದರೆ ಎರಡು ಮುದ್ದೆ ಉಣ್ಣುತ್ತಾನೆ, ಕೇಳಿ ಹಾಕಿಸಿಕೊಳ್ಳುವವನಲ್ಲ. ಆಟದ ದಿನ ನಿನ್ನ ಗಂಡನಿಗೆ ಹೇಳು, ಗೆರೆಯ ಪಕ್ಕ ನಿಲ್ಲದೆ ದೂರ ಎಲ್ಲಾದರೂ ಕೂರಲಿ. ಇದೊಂದನ್ನು ನಡೆಸಿಕೊಡು.

ಮಾದಪ್ಪ ನಿನ್ನ ಮನೆಯನ್ನು ತಂಪಾಗಿಟ್ಟಿರಲಿ.

ಇತಿ ನಿನ್ನ ಅತ್ತಿಗೆ,
ಪುಟ್ಟಮಲ್ಲಮ್ಮ



ಚಾಮರಾಜನಗರ
೯-೩-೧೯೫೪

ಸೌಭಾಗ್ಯವತಿ ಗಂಗಾಂಬಿಕೆ ಅತ್ತಿಗೆಗೆ ಪುಟ್ಟಮಲ್ಲಮ್ಮನ ಶರಣಾರ್ಥಿ.

ಈ ಸಲ ತಡ ಮಾಡಿಲ್ಲ. ನಿನ್ನ ಕಾಗದ ಮಧ್ಯಾಹ್ನ ಬಂತು, ಸಂಜೆಯ ಟಪಾಲಿಗೆ ಉತ್ತರ ಹಾಕಿಸುತ್ತಿದ್ದೇನೆ.

ಮೊದಲು ನಿನ್ನ ಮಗನ ಸಮಾಚಾರ, ತಾಯಿಗೆ ಅದೇ ಮುಖ್ಯ. ಕೊಳ್ಳೇಗಾಲದವರ ಸ್ಟಿಕ್ ಮರಿಯ ಮೊಣಕಾಲಿನ ಕೆಳಗೆ ಬಿದ್ದು ಮೂಳೆ ಎರಡಾದದ್ದು ನಿನಗೆ ಗೊತ್ತು. ಸಂತೆಮರಹಳ್ಳಿಯಿಂದ ಮೂಳೆ ಕಟ್ಟುವ ಮಂಟೇಸ್ವಾಮಿಯನ್ನು ಕರೆಸಿದೆವು. ಕಟ್ಟು ಕಟ್ಟಲು ಕೋಳಿಮೊಟ್ಟೆಯ ಲೋಳೆ ಬೇಕು ಎಂದ. ಲಿಂಗ ಕಟ್ಟಿದವರ ಮನೆಯೊಳಗೆ ಮೊಟ್ಟೆ ತರುವುದು ಹೇಗೆ ಎಂದು ನಿನ್ನ ಅಣ್ಣ ಹಾರಾಡಿದರು. ಕೊನೆಗೆ ಮರಿಯನ್ನು ಮಂಚದ ಸಮೇತ ಹೊರಗಿನ ಜಗಲಿಗೆ ಹೊತ್ತೆವು, ಅಲ್ಲೇ ಅವನು ಬಿದಿರ ದಬ್ಬೆ ಇಟ್ಟು ಕಟ್ಟಿದ. ಮೂಳೆ ಈಗ ಕೂಡುತ್ತಿದೆಯಂತೆ, ಯುಗಾದಿ ಕಳೆಯುವ ತನಕ ಅಲುಗಾಡಕೂಡದಂತೆ. ಅಲುಗಾಡಿದರೆ ಕಾಲು ಸೊಟ್ಟಗೆ ಕೂಡುತ್ತದೆ, ಆಮೇಲೆ ಆಟವೂ ಇಲ್ಲ, ಹೊಲದ ಕೆಲಸವೂ ಇಲ್ಲ ಎಂದು ಎಲ್ಲರ ಎದುರಿಗೇ ಹೇಳಿ ಹೋಗಿದ್ದಾನೆ.

ನಾನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದೇನೆ, ಅದರಲ್ಲಿ ಅನುಮಾನ ಬೇಡ. ಮಲಗಿದಲ್ಲಿಗೇ ತುತ್ತು ಕೊಡುತ್ತೇನೆ. ಮೈ ಒರೆಸುತ್ತೇನೆ. ನಿನ್ನೆ ಬೆಕ್ಕು ಮಂಚದ ಮೇಲೆ ಹಾರಿತು, ಹುಡುಗ ಕಂಬಳಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡ, ಕಣ್ಣಲ್ಲಿ ನೀರು ಬಂತು. ನಾನು ಬೆಕ್ಕನ್ನು ಓಡಿಸಿ ಅವನ ತಲೆ ನೇವರಿಸಿದೆ. “ಅತ್ತೆ, ನಮ್ಮವ್ವುಂಗೆ ನಾನ್ ಅತ್ಕಂಡೆ ಅಂತ ಯೋಳ್ಬೇಡ” ಅಂದ. ಒಳ್ಳೆಯ ಹುಡುಗ. ನಿನ್ನ ಹೊಟ್ಟೆಯಲ್ಲಿ ಹುಟ್ಟಿದ್ದರೂ ಒಳ್ಳೆಯವನು.

ನಿನ್ನ ಅಣ್ಣ ಈಗ ಅವನ ಮಂಚದ ಹತ್ತಿರ ಸುಳಿಯುವುದಿಲ್ಲ. ನೆಟ್ಟಗಿದ್ದ ಮಾಲು ಕೊಟ್ಟು, ಮೇಲೆ ಪ್ಯಾಡನ್ನೂ ಕೊಟ್ಟು, ಮುರಿದ ಮಾಲು ಇಟ್ಟುಕೊಂಡು ಕೂತಿದ್ದೇನೆ ಎಂದು ಮಂಡಿಗೆ ಬಂದವರೆದುರು ಹೇಳುತ್ತಾರೆ. ಎರಡು ತಿಂಗಳ ಹಿಂದೆ ಅದೇ ಜಗಲಿಯಲ್ಲಿ ಗುರುಪಾದನನ್ನು ಕೆಲಸಕ್ಕೆ ಬಾರದ ಮಾಲು ಅಂದವರು. ವಾಪಸು ಕಳಿಸಲು ಒಂದು ನೆವ ಹುಡುಕುತ್ತಿದ್ದಾರೆ. ನಾನು ಬಾಗಿಲಿಗೆ ಅಡ್ಡ ನಿಂತಿರುವುದರಿಂದ ನಿನ್ನ ಮಗ ಇನ್ನೂ ಈ ಮನೆಯ ಮಂಚದ ಮೇಲಿದ್ದಾನೆ.

ಈಗ ನಿನ್ನ ಕಾಗದಕ್ಕೆ ಬರುತ್ತೇನೆ. ಗುರುಪಾದ ನಿಮ್ಮ ಟೀಮಿನಲ್ಲಿ ಆಡಿದ ಎರಡು ಆಟದಲ್ಲೂ ಗೋಲು ಹೊಡೆಯಲಿಲ್ಲ, ಊಟಕ್ಕೆ ಮಾತ್ರ ಲಾಯಕ್ಕು ಎಂದು ನಿನ್ನ ಗಂಡ ಹೇಳುತ್ತಾನೆ, ಅದಕ್ಕೆ ಶುಕ್ರವಾರ ಅವನನ್ನು ಬಸ್ಸು ಹತ್ತಿಸುತ್ತೇವೆ ಎಂದು ಬರೆದಿದ್ದೀಯೆ. ಅದರ ಕೆಳಗೇ, ನಮ್ಮ ಮರಿ ಮಾತ್ರ ಕಾಲು ಕೂಡುವ ತನಕ ಅಲ್ಲೇ ಇರಲಿ, ಕಟ್ಟಳೆ ಗಿಟ್ಟಳೆ ಎಲ್ಲ ಗಂಡಸರ ತಮಾಷೆ, ನಾವು ಹೆಂಗಸರು ಅದನ್ನು ಹಿಡಿದುಕೊಂಡು ಕೂರುವುದೇ ಅತ್ತಿಗೆ ಎಂದೂ ಬರೆದಿದ್ದೀಯೆ. ಎರಡೂ ಸಾಲನ್ನು ಒಂದೇ ಶಾಯಿಯಲ್ಲಿ ಬರೆಯಲು ನಿನಗೆ ಹೇಗೆ ಮನಸ್ಸು ಬಂತು ಎಂದು ಯೋಚಿಸುತ್ತಿದ್ದೇನೆ.

ಗುರುಪಾದ ನನಗೊಂದು ಕಾರ್ಡು ಬರೆದಿದ್ದ. ಇಲ್ಲಿದ್ದಾಗ ನನ್ನ ಹತ್ತಿರ ದಿನಕ್ಕೆ ಒಂದು ಮಾತನ್ನೂ ಪೂರ್ತಿ ಆಡದವನು ಕಾರ್ಡಿನ ಎರಡೂ ಕಡೆ ತುಂಬಿಸಿದ್ದಾನೆ. ಬೆಳಿಗ್ಗೆ ಭೀಮನಬೀಡಿನ ದಾರಿಯಲ್ಲಿ ಒಬ್ಬನೇ ಓಡುತ್ತಾನಂತೆ, ಗೋಪಾಲಸ್ವಾಮಿ ಬೆಟ್ಟ ಮಂಜಿನಲ್ಲಿ ಕಾಣುವುದೇ ಇಲ್ಲವಂತೆ. ಮೈದಾನದ ಪಕ್ಕ ಯಾರೂ ತನ್ನ ಹೆಸರು ಹಿಡಿದು ಕಿರುಚುವುದಿಲ್ಲವಂತೆ. ಮೊನ್ನೆ ಅಭ್ಯಾಸದ ಆಟದಲ್ಲಿ ಚೆಂಡು ಬಂದಾಗ ಚೆಂಡನ್ನೇ ನೋಡಿದೆ ಅವ್ವ ಎಂದು ಬರೆದಿದ್ದಾನೆ. ಆ ಸಾಲನ್ನು ಎಷ್ಟು ಸಲ ಓದಿದೆನೋ ನನಗೇ ಗೊತ್ತಿಲ್ಲ. ಅವನಿಗೆ ಇನ್ನು ಸ್ವಲ್ಪ ಕಾಲ ಕೊಟ್ಟರೆ ತಲೆ ಎತ್ತುತ್ತಾನೆ. ಗೋಲು ಹೊಡೆಯದಿದ್ದರೆ ಬೇಡ, ಬಾವಿಯೊಳಗೆ ಬಗ್ಗದಿದ್ದರೆ ನನಗೆ ಸಾಕು.

ಶುಕ್ರವಾರ ಅವನು ಇಲ್ಲಿ ಇಳಿದರೆ ಏನಾಗುತ್ತದೆ ಗೊತ್ತೇ? ಎರಡನೆಯ ಸಲ ಬೇಡವಾದವನು ಎಂದು ನಿನ್ನ ಅಣ್ಣ ಬಸ್‌ಸ್ಟ್ಯಾಂಡಿನಿಂದಲೇ ಶುರು ಮಾಡುತ್ತಾರೆ. ಒಲೆಗೆ ಹಾಕಿಸಲು ಈ ಸಲ ಸ್ಟಿಕ್ ಕೂಡ ಇಲ್ಲ. ನನ್ನ ಮಗನನ್ನು ನೀನು ಕಳಿಸುತ್ತಿರುವುದು ಮನೆಗಲ್ಲ.

ಆದ್ದರಿಂದ ಈಗ ನಾನು ಬರೆಯುವುದನ್ನು ಸರಿಯಾಗಿ ಓದಿಕೋ, ಓದಿ ನಿನ್ನ ಗಂಡನಿಗೂ ಕೇಳಿಸು. ಗುರುಪಾದ ನಮ್ಮ ಹೊಸಿಲು ತುಳಿದರೆ ಅವತ್ತೇ, ದೀಪ ಹಚ್ಚುವ ಮೊದಲು, ಮರಿ ಹೊರಡುತ್ತಾನೆ. ನಿನ್ನ ಅಣ್ಣನಿಗೆ ನಾನು ಅಡ್ಡ ನಿಲ್ಲುವುದಿಲ್ಲ. ಹಾಸಿಗೆ ನಾನೇ ಸುತ್ತುತ್ತೇನೆ. ಸಂಜೆಯ ಬಸ್ಸಿನವನಿಗೆ ಹಿಂದಿನ ಸೀಟು ಬಿಟ್ಟಿರಲು ಇವತ್ತೇ ಹೇಳಿ ಕಳಿಸಿದ್ದೇನೆ. ತೆರಕಣಾಂಬಿಯ ತನಕ ರಸ್ತೆ ಹೇಗಿದೆ ಎಂದು ನಿನಗೇ ಗೊತ್ತು, ಹಳ್ಳಕ್ಕೆ ಬಿದ್ದಾಗಲೆಲ್ಲ ಬಿದಿರ ದಬ್ಬೆ ಏನು ಮಾಡುತ್ತದೆ ಎಂದು ಮಂಟೇಸ್ವಾಮಿಯನ್ನು ಕೇಳಿ ತಿಳಿದುಕೊಂಡಿದ್ದೇನೆ. ಇಳಿಸಿಕೊಳ್ಳಲು ನೀನೇ ಬಾ, ಅವನು ಕಂಬಳಿ ಕಚ್ಚಿಕೊಂಡಿರುತ್ತಾನೆ.

ನನ್ನನ್ನು ರಾಕ್ಷಸಿ ಅನ್ನು, ಬೇಸರವಿಲ್ಲ. ಮರಿಗೆ ಈ ಹೊತ್ತು ತುತ್ತು ಕೊಟ್ಟೇ ಇದನ್ನು ಬರೆಯಲು ಕೂತೆ. ಶುಕ್ರವಾರ ಬೆಳಿಗ್ಗೆಯೂ ಕೊಡುತ್ತೇನೆ. ಕಟ್ಟಳೆ ಹಿಡಿದುಕೊಂಡು ಕೂರುವುದೇ ಎಂದು ಕೇಳಿದೆಯಲ್ಲ, ಅದಕ್ಕೆ ನನ್ನ ಉತ್ತರ ಇಷ್ಟೇ: ಕಟ್ಟಳೆ ಅಂದ್ರೆ ಕಟ್ಟಳೆನೆಯ ಅತ್ತಿಗೆ.

ನಿನ್ನ ಮಾಂಗಲ್ಯ ಗಟ್ಟಿಯಾಗಿರಲಿ. ನಿನ್ನ ಮಕ್ಕಳು, ನನ್ನ ಮಗನೂ ಸೇರಿ, ನಿನ್ನ ಕೈಯ ಊಟ ಉಂಡು ಬೆಳೆಯಲಿ. ಮಾದಪ್ಪ ನಿನಗೆ ಒಳ್ಳೆಯ ಬುದ್ಧಿ ಕೊಡಲಿ.

ಇತಿ ನಿನ್ನ ಅತ್ತಿಗೆ,
ಪುಟ್ಟಮಲ್ಲಮ್ಮ

ಮರೆತ ಮಾತು:

ಕಾಗದ ಮಡಿಸಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಮೇಲಿನ ಆ ಕಟ್ಟಳೆಯ ಮಾತು ನನ್ನದಲ್ಲ, ನಿನ್ನದು. ನಿನಗೆ ನೆನಪಿರಲಾರದು.

ನನ್ನ ಅವ್ವ ನೀನು ಮಾಡಿದ ಸಾರಿಗೆ ಹೆಸರಿಟ್ಟಳೆಂದು ನೀನು ಮುನಿಸಿಕೊಂಡು ಬಂದ ದಿನ ನಾನು ತುಂಬಿದ ಬಸುರಿ. ನೀನು ಹೊಸಿಲು ತುಳಿದದ್ದೇ ನಿನ್ನ ಅಪ್ಪ ಗಾಡಿ ಕಟ್ಟಿಸಿದರು. ನೀನು ಒಳಗೆ ಊಟಕ್ಕೆ ಕೂತಿದ್ದೆ, ಇನ್ನೊಂದು ಮುದ್ದೆ ಉಣ್ಣು ಎಂದು ನಿನ್ನ ಅವ್ವ ಒತ್ತಾಯ ಮಾಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು, “ಸೊಂಟ ನೋಯ್ತದೆ ಅತ್ತಿಗೆ, ನಾಳ ಒತ್ತಾರೆ ಓಯ್ತಿನಿ ಅಂತ ನಿಮ್ಮಪ್ಪುಂಗೆ ಒಂದ್ ಮಾತ್ ಯೋಳು” ಅಂದೆ. ನಿನ್ನ ಮಾತನ್ನು ಅವರು ಯಾವತ್ತೂ ತೆಗೆದುಹಾಕಿದವರಲ್ಲ. ನೀನು ಎಲೆಯ ಮುಂದಿನಿಂದ ತಲೆ ಎತ್ತದೆ ಅಂದೆ: “ಕಟ್ಟಳೆ ಅಂದ್ರೆ ಕಟ್ಟಳೆನೆಯ ಅತ್ತಿಗೆ.”

ನಾನು ತವರು ಸೇರಿ ಹೆತ್ತೆ, ಮಗು ಸತ್ತೇ ಹುಟ್ಟಿತು ಎಂದು ಎರಡೂ ಮನೆಯವರು ನಿನಗೆ ಹೇಳಿದ್ದಾರೆ. ನಾನೂ ಇಷ್ಟು ವರ್ಷ ಹಾಗೇ ಹೇಳಿದೆ. ಅದು ತೆರಕಣಾಂಬಿ ಇನ್ನೂ ದೂರವಿರುವಾಗ ಗಾಡಿಯ ಹುಲ್ಲಿನ ಮೇಲೆ ಹುಟ್ಟಿತು. ಹೆಣ್ಣು. ಅತ್ತಿತು. ಎಷ್ಟು ಹೊತ್ತು ಅತ್ತಿತು ಎಂದು ಜೊತೆಗೆ ಬಂದಿದ್ದ ಆಳು ಮೂಗಮ್ಮನನ್ನು ಕೇಳು, ಅವಳಿನ್ನೂ ಇದ್ದಾಳೆ, ನನ್ನನ್ನು ಕೇಳಬೇಡ. ರಸ್ತೆಯ ಎಡಕ್ಕೆ ಒಂದು ಹುರುಳಿ ಹೊಲ. ಅದರ ಬದುವಿನಲ್ಲಿ ಮೂಗಮ್ಮನೂ ಗಾಡಿಯವನೂ ಮಗುವನ್ನು ಮಣ್ಣು ಮಾಡಿದರು.

ಗುಂಡ್ಲುಪೇಟೆಯ ಬಸ್ಸು ಆ ಹೊಲದ ಪಕ್ಕದಲ್ಲೇ ಹೋಗುತ್ತದೆ. ಗುರುಪಾದ ಬಂದರೆ, ಮರಿಯನ್ನು ಎಡಗಡೆಯ ಕಿಟಕಿಗೇ ಒರಗಿಸಿ ಕೂರಿಸುತ್ತೇನೆ.